ನಡುದನಿಯ ಪುಸ್ತಕ

ಪ್ಲೇಗಿನಲ್ಲಿ ನನ್ನ ತಮ್ಮ ಆಂಬ್ರೋಸ್ ಸತ್ತಾಗ ಹಾಸಿಗೆಯ ಜೊತೆ ಅವನ ಸ್ವರಪುಸ್ತಕವನ್ನೂ ಸುಟ್ಟರು. ತೊಡೆಗಳ ನಡುವೆ ಹಿಡಿದು ಕಮಾನಿನಿಂದ ನುಡಿಸುವ ಐದು ವಯೋಲ್‌ಗಳಿಗೆಂದು ಅವನೇ ಕಟ್ಟಿದ ಕೃತಿಯಲ್ಲಿ ಅವನ ಪಾಲು ಅದರಲ್ಲಿತ್ತು. ನಾರ್ವಿಚ್‌ನಲ್ಲಿ ನಾವು ನುಡಿಸುವಾಗ ಒಬ್ಬೊಬ್ಬರ ಪುಸ್ತಕದಲ್ಲಿ ಅವರವರ ದನಿ ಮಾತ್ರ ಇರುತ್ತದೆ. ಅವನು ನುಡಿಸುತ್ತಿದ್ದ ನಡುದನಿ ಅವನೊಂದಿಗೇ ಹೋಯಿತು.

ನೆನಪಿನಿಂದಲಾದರೂ ಅದನ್ನು ಹೆಕ್ಕಿ ವರ್ಜಿನಲ್ ಎಂಬ ಪುಟ್ಟ ವಾದ್ಯದ ಕೀಲಿಮಣೆಗೆ ಇಳಿಸಬೇಕೆಂದು, ಒಂದು ಮಧ್ಯಾಹ್ನ ತಂಡದ ಉಳಿದ ಮೂವರನ್ನು ಬೇಡಿ ಕೂರಿಸಿದೆ.

"ಸತ್ತೋನನ್ನ ಇನ್ನೆಷ್ಟು ಕಾಡ್ತೀಯೋ ಗಿಲ್ಬರ್ಟ್?" ಎಂದ ಗೆಳೆಯ ಹ್ಯೂ.

"ದಮ್ಮಯ್ಯ, ಇದೊಂದ್ಸಲ!"

ಕೃತಿಯ ಮಧ್ಯದಲ್ಲಿ ನಾವೆಲ್ಲ ನಿಲ್ಲಿಸಿ, ಆಂಬ್ರೋಸ್ ಒಬ್ಬನೇ ನುಡಿಸುವ ಜಾಗವಿದೆ. ಕೊನೆಯ ಸ್ವರವನ್ನು ಅವನು ಮನಸ್ಸು ಬಂದಷ್ಟು ಎಳೆಯುತ್ತಿದ್ದ. ಎಣಿಸಿ ಪ್ರಯೋಜನವಿರಲಿಲ್ಲ, ಅವನು ಆ ಸ್ವರ ಬಿಟ್ಟದ್ದನ್ನು ಕೇಳಿಯೇ ನಾವು ಸೇರುತ್ತಿದ್ದೆವು.

ಅಂದೂ ನಿಲ್ಲಿಸಿದೆವು. ಆಮೇಲೆ ನಾಲ್ವರೂ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದೆ ಒಟ್ಟಿಗೆ ಸೇರಿಕೊಂಡೆವು.

ಹ್ಯೂನ ಕಮಾನು ಕೆಳಗೆ ಬಿತ್ತು. "ನೀನು ಯಾರ ಸ್ವರ ಕೇಳಿಸ್ಕೊಂಡು ಸೇರ್ಕೊಂಡೆ?"

ಇನ್ನೊಂದು ಸಲ ನುಡಿಸಿರೆಂದು ಗೋಗರೆದೆ. ಮೂವರೂ ಟೋಪಿಗಳನ್ನೂ ಮರೆತು ಹೊರಟುಹೋದರು.

ಗೋಡೆಯ ಮೇಲೆ ತೂಗುಹಾಕಿದ್ದ ತಮ್ಮನ ವಯೋಲ್ ಮುಟ್ಟಿದೆ. ಈಗಷ್ಟೇ ಯಾರೋ ತೊಡೆಗಳ ನಡುವಿನಿಂದ ಎತ್ತಿಟ್ಟಂತೆ ಬೆಚ್ಚಗಿತ್ತು. ಅದಕ್ಕೆ ಒಂದೂ ತಂತಿಯಿರಲಿಲ್ಲ. ಹೋದ ತಿಂಗಳೇ ಎಲ್ಲವನ್ನೂ ಬಿಚ್ಚಿ ನನ್ನದಕ್ಕೆ ಕಟ್ಟಿಕೊಂಡಿದ್ದೆ.