ಹದಿನಾರು ಗ್ರಾಂ ಸಿಟ್ಟು

ಇಪ್ಪತ್ತು ವರ್ಷಗಳ ಹಿಂದೆ ಆದಿಲಕ್ಷ್ಮಿ ಒಂದು ಪ್ರಯೋಗಶಾಲೆಯನ್ನು ಗೆದ್ದುಕೊಂಡಿದ್ದಳು. ತಾನು ಪಾಠ ಮಾಡುತ್ತಿದ್ದ ಮುಳಬಾಗಿಲಿನ ಕಾಲೇಜಿನಲ್ಲಿ ಮುರಿದ ಬೆಂಚುಗಳು ತುಂಬಿದ್ದ ಕೋಣೆಯನ್ನು ತೆರವು ಮಾಡಿಸಿ, ನಲ್ಲಿ, ಗ್ಯಾಸ್, ತಕ್ಕಡಿ, ಒಂದೊಂದಕ್ಕೂ ಆಡಳಿತ ಮಂಡಳಿಯೊಡನೆ ಕಾದಾಡಿ, ರಸಾಯನಶಾಸ್ತ್ರಕ್ಕೊಂದು ನೆಲೆ ಒದಗಿಸಿದ್ದಳು. ಆಂಧ್ರದ ಗಡಿಯ ನಂಗಲಿಯಿಂದ ಬಂದ ಹುಡುಗಿಗೆ ಅದು ಪದವಿಗಿಂತ ದೊಡ್ಡ ಹೆಮ್ಮೆ.

ಪ್ರಯೋಗಶಾಲೆ ತೆರೆದ ಮೊದಲ ದಿನವೇ ಭೀಮರಾಜ್ ಎದುರಾದ. ಮಾಲೂರಿನಿಂದ ಬಂದು ಅಂದು ಬೆಳಿಗ್ಗೆಯಷ್ಟೇ ಸೇರಿದ್ದ ಹೊಸ ಉಪನ್ಯಾಸಕ.

ಹಲಗೆಯ ಮೇಲೆ ಅವಳು ಬರೆದಿದ್ದಳು: ಮೈಲುತುತ್ತ, 0.1 ಮೋಲ್ = 16 ಗ್ರಾಂ.

ಅವನು ನಮಸ್ಕಾರವನ್ನೂ ಹೇಳದೆ ಡಸ್ಟರ್ ಎತ್ತಿಕೊಂಡ. ಹದಿನಾರನ್ನು ಒರೆಸಿ ಇಪ್ಪತ್ತೈದು ಎಂದು ಬರೆದ.

"ಹರಳಿನೊಳಗಿರೋ ನೀರಿನ ತೂಕ ಬಿಟ್ಟಿದ್ದೀರ ಮೇಡಂ. ಫಸ್ಟ್ ಪಿಯು ಹುಡುಗ್ರು ಮಾಡೋ ತಪ್ಪು."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.

ಅವಳ ಕಿವಿ ಕಾದುಹೋಯಿತು. ಹಿಂದಿನ ಸಂಜೆ ಅವಳೇ ನೀಲಿ ಹರಳುಗಳನ್ನು ಹುರಿದು, ನೀರನ್ನೆಲ್ಲ ಓಡಿಸಿ, ಉಳಿದ ಬಿಳಿ ಪುಡಿಯನ್ನು ಪಾತ್ರೆಯಲ್ಲಿ ಬಿಗಿಯಾಗಿ ಮುಚ್ಚಿಟ್ಟಿದ್ದಳು. ನೀರಿಲ್ಲದ ಪುಡಿಗೆ ಹದಿನಾರೇ ಸರಿ.

'ಒಂದು ಮಾತು ಹೇಳಿದರೆ ಸಾಕು... ಆದರೆ ನಾನೇಕೆ ಹೇಳಲಿ? ಕೇಳುವ ಸೌಜನ್ಯವಿಲ್ಲದವನಿಗೆ?'

"ನೀವೇ ಪಾಠ ಮಾಡಿ," ಎಂದು ಸೀಮೆಸುಣ್ಣವನ್ನು ಮೇಜಿನ ಮೇಲೆ ಕುಕ್ಕಿದಳು. ಸಿಟ್ಟು ಮಿತಿ ಮೀರಿದರೆ ಅವಳ ಬಾಯಲ್ಲಿ ತೆಲುಗು ಬರುತ್ತಿತ್ತು. "ಪೋವಯ್ಯಾ!" ಎಂದು ಹೊರನಡೆದಳು.

ಅವಳು ಸ್ಟಾಫ್ ರೂಮಿನಲ್ಲಿ ಚೀಲ ತುಂಬಿಕೊಳ್ಳುತ್ತಿದ್ದಾಗ ಅವನು ಬಾಗಿಲಲ್ಲಿ ಬಂದು ನಿಂತ. ಪಾತ್ರೆಯ ಮುಚ್ಚಳ ತೆರೆದು ಬಿಳಿ ಪುಡಿಯನ್ನು ನೋಡಿದ್ದ; ಮುಖವೂ ಬಿಳಿಚಿತ್ತು.

"ಮೊದ್ಲೇ ಹೇಳಬಹುದಿತ್ತಲ್ಲ ಮೇಡಂ?"

"ಒರೆಸೋ ಮುಂಚೆ ಕೇಳಬಹುದಿತ್ತಲ್ಲ?"

"ತಪ್ಪಾಯ್ತು."

"ಇಲ್ಲಿ ಹೇಳಿದ್ರೆ ಆಗಲ್ಲ. ಹುಡುಗ್ರ ಮುಂದೆ ಒರೆಸಿದ್ದೀರಿ."

ಅವನು ಹಿಂದಿರುಗಿ, ಅದೇ ಹುಡುಗರೆದುರು ಹದಿನಾರನ್ನು ಮತ್ತೆ ಬರೆದು, ತಪ್ಪು ತನ್ನದೆಂದ. ಅವಳು ಹೊರಗೆ ನಿಂತು ಕೇಳಿದಳು. ಸಿಟ್ಟು ಮಾತ್ರ ಇಳಿಯಲಿಲ್ಲ.

ವರ್ಷವಿಡೀ ಜಗಳವೇ. ಆದರೂ ಅವಳನ್ನು ಕೇಳದೆ ಅವನು ಹಲಗೆಯ ಒಂದಕ್ಷರವನ್ನೂ ಅಳಿಸಲಿಲ್ಲ. ಅದನ್ನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು.

ಶ್ರೀನಿವಾಸಪುರದ ಕಾಲೇಜಿನಿಂದ ಅವಳಿಗೆ ಕೆಲಸಕ್ಕೆ ಕರೆ ಬಂದ ದಿನ ಅವನು ಉರಿಯುತ್ತ ಬಂದ.

"ಹೋಗ್ತೀರಂತೆ?"

"ಹೋದ್ರೆ ನಿಮಗೇನು?"

"ಹೊಡೆದಾಡಿ ಕಟ್ಟಿದ ಲ್ಯಾಬ್ ಬಿಟ್ಟು ಹೋಗ್ತೀರಾ? ನನ್ನ ತಪ್ಪನ್ನ ಮುಖದ ಮೇಲೆ ಹೇಳೋರು ಇನ್ಯಾರಿದಾರೆ? ನೀವಂದ್ರೆ ನನಗೆ ಇಷ್ಟ ರೀ. ಅದನ್ನ ಹೇಳೋಕೆ ಒಂದು ವರ್ಷ ಕಳೆದೆನಲ್ಲ, ಅದಕ್ಕೂ ಬೈದುಬಿಡಿ..."

ಅವಳ ಕಣ್ಣು ತುಂಬಿತು. ದನಿ ಮಾತ್ರ ಗಡುಸಾಗಿಯೇ ಇತ್ತು.

"ಬೈತೀನಿ. ಇಲ್ಲೇ ಇದ್ದು, ದಿನಾ ಬೈತೀನಿ."

ಆದಿಲಕ್ಷ್ಮಿ ಕಥೆ ನಿಲ್ಲಿಸಿದಳು. ಈ ವರ್ಷವಷ್ಟೇ ಪಿಯು ಸೇರಿದ ಮಗಳು ಶ್ರೀವಾಣಿ ಅಮ್ಮನ ಭುಜಕ್ಕೆ ಒರಗಿದಳು.

"ಆಗ ಸಿಟ್ಟು ಪೂರ್ತಿ ಇಳಿದಿತ್ತಾ ಅಮ್ಮ?"

"ಎಲ್ಲಿ ಇಳೀತು? ನಿಮ್ಮಪ್ಪನ್ನ ಕೇಳು."

"ಹಾಗಾದ್ರೆ ಇರು, ಅಪ್ಪನ್ನ ಕರೀತೀನಿ. ಇನ್ನೊಂದ್ಸಲ ಹೇಳು, ಮೊದಲಿಂದ."