ಅಭ್ಯರ್ಥಿ ಮುತ್ತಣ್ಣ ಕಾಣೆಯಾದ ಪ್ರಕರಣ

ಆಗಸ್ಟ್ ಹದಿನೇಳರ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ವಿಜಯಲಕ್ಷ್ಮಿ ಎಂಬ ಹೆಣ್ಣುಮಗಳು ರೋಣ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟಳು. ಶನಿವಾರ ಮಧ್ಯಾಹ್ನ ಯಾವುದೋ ಹೊಲ ನೋಡಿ ಬರುತ್ತೇನೆಂದು ಹೋದ ಆಕೆಯ ಗಂಡ ಮುತ್ತಣ್ಣ ತಿರುಗಿ ಬಂದಿರಲಿಲ್ಲ.

ಮುತ್ತಣ್ಣ ಹೊಲ, ಮನೆ, ಸೈಟುಗಳ ವ್ಯವಹಾರ ಮಾಡಿಸುವ ಏಜೆಂಟ. ರೋಣ, ನರಗುಂದ, ಗಜೇಂದ್ರಗಡ ಮೂರೂ ತಾಲೂಕಿನ ಏಜೆಂಟರು ಸೇರಿ ಕಟ್ಟಿದ ಸಂಘಕ್ಕೆ ಅಂದು ಅಧ್ಯಕ್ಷರ ಚುನಾವಣೆ. ಕಣದಲ್ಲಿದ್ದವರು ಇಬ್ಬರೇ, ಮುತ್ತಣ್ಣ ಮತ್ತು ಗಜೇಂದ್ರಗಡದ ಅಜಯಕುಮಾರ. ಹನ್ನೊಂದು ಗಂಟೆಗೆ ಇಬ್ಬರೂ ಖುದ್ದಾಗಿ ಬಂದು ಸಹಿ ಮಾಡಬೇಕು. ಒಬ್ಬ ಬಾರದಿದ್ದರೆ ಮತದಾನವಿಲ್ಲ, ಬಂದವನೇ ಅಧ್ಯಕ್ಷ.

"ಯಾರ ಮ್ಯಾಲರ ಸಂಶಯ ಐತೇನ್ರಿ?" ಎಂದು ಪಿಎಸ್‌ಐ ನೇತ್ರಾ ಕೇಳಿದರು.

"ಸಂಶಯ ಯಾಕ್ರಿ, ಖಾತ್ರಿನ ಐತಿ. ಆ ಅಜಯಕುಮಾರಂದ ಕೆಲಸ. ಹನ್ನೊಂದರ ಮಟಾ ಇವರನ್ನ ಎಲ್ಲ್ಯರ ಕೂಡಿ ಹಾಕಿದ್ರ ಕುರ್ಚಿ ಅವಂದ."

ಅವಳೊಂದಿಗೆ ಬಂದಿದ್ದ ಮುತ್ತಣ್ಣನ ಕಡೆಯವರು ವರಾಂಡದಲ್ಲಿ ನಿಂತು ಅದನ್ನೇ ಕೂಗಿ ಹೇಳಿದರು. ಮುತ್ತಣ್ಣನ ಪರವಾಗಿ ಹಳ್ಳಿಹಳ್ಳಿ ತಿರುಗಿದ್ದ ಕಲ್ಲೇಶ ಎಂಬ ಏಜೆಂಟ ಮಾತ್ರ ಗೋಡೆಗೆ ಒರಗಿ ಸುಮ್ಮನೆ ಕುಳಿತಿದ್ದ.

ಎಫ್‌ಐಆರ್ ದಾಖಲಾಯಿತು. ಅದರ ಪ್ರತಿ ನೋಡಿದ ಚುನಾವಣಾಧಿಕಾರಿ ಮತದಾನವನ್ನು ಮುಂದಿನ ಭಾನುವಾರಕ್ಕೆ ಹಾಕಿದರು. ಮುತ್ತಣ್ಣನ ಫೋನು ಕೊನೆಯದಾಗಿ ಶನಿವಾರ ಸಂಜೆ ನಾಲ್ಕರ ಸುಮಾರಿಗೆ ನರಗುಂದದ ಟವರಿನಲ್ಲಿ ಸಿಕ್ಕು ಬಂದ್ ಆಗಿತ್ತು. ಎಂಟೂವರೆಗೆ ಅಜಯಕುಮಾರನನ್ನು ಠಾಣೆಗೆ ಕರೆಸಲಾಯಿತು.

"ನಿನ್ನಿ ನಾಕಕ್ಕ ಎಲ್ಲಿದ್ರಿ?"

"ನರಗುಂದದಾಗ್ರಿ. ಊಟ ಹಾಕಿಸಿದ್ದೆ."

"ಯಾರಿಗೆ?"

"ಓಟು ಹಾಕವ್ರಿಗೆ. ಮುತ್ತಣ್ಣನ ಮಂದಿನೂ ಬಂದು ಉಂಡ್ಹೋದ್ರು. ಹೋಳಿಗಿ ಮುಂದ ಪಾರ್ಟಿ ಎಲ್ಲೈತ್ರಿ?"

"ಮುತ್ತಣ್ಣನ ಫೋನು ಅಲ್ಲೇ ಬಂದ್ ಆಗೇತಿ."

ಅಜಯಕುಮಾರನ ನಗೆ ನಿಂತಿತು. "ಮೇಡಂ, ಅವನ್ನ ಕೂಡಿ ಹಾಕಿ ಗೆದ್ದರ ನಾಳಿಂದ ಯಾರರ ನನ್ನ ಕಡೆ ಸೈಟ್ ತಗೋತಾರೇನ್ರಿ? ನನ್ನ ಹೊಟ್ಟಿ ಮ್ಯಾಲ ನಾನ ಯಾಕ ಹೊಡಕೊಳ್ಳಿ?"

ಹೆಡ್ ಕಾನ್‌ಸ್ಟೆಬಲ್ ದ್ಯಾವಪ್ಪ ನರಗುಂದದ ಊಟದ ಹಾಲ್‌ನವರಿಂದ ಕ್ಯಾಮೆರಾ ಚಿತ್ರವನ್ನು ಫೋನಿಗೆ ತರಿಸಿ ನೋಡಿದ. ಮಧ್ಯಾಹ್ನದಿಂದ ಸಂಜೆಯವರೆಗೆ ಅಜಯಕುಮಾರ ಅಲ್ಲಿಂದ ಕದಲಿರಲಿಲ್ಲ.

ಒಂಬತ್ತು ದಾಟಿತ್ತು. ಅಷ್ಟರಲ್ಲಿ ವೈರ್‌ಲೆಸ್ಸಿನಲ್ಲಿ ಸಂದೇಶ ಬಂತು. ಮಲಪ್ರಭಾ ಅಣೆಕಟ್ಟಿನಿಂದ ಹೆಚ್ಚು ನೀರು ಬಿಡಲಾಗಿದೆ, ಕೊಣ್ಣೂರು ಮತ್ತು ನದಿ ದಂಡೆಯ ಊರುಗಳವರು ಎಚ್ಚರದಿಂದ ಇರಬೇಕು. ಜಗಳದಲ್ಲಿ ಮುಳುಗಿದ್ದ ವರಾಂಡದ ಜನ ಕಿವಿಗೊಡಲಿಲ್ಲ. ಕಲ್ಲೇಶ ಎದ್ದು ನಿಂತ.

"ಸಾಹೇಬ್ರ, ನೀರು ಎಷ್ಟೊತ್ತಿಗೆ ಬರತೈತ್ರಿ? ಹೊಲದ ಮಟಾ ಬರತೈತೇನ್ರಿ?"

"ನಿನ್ನ ಮನಿ ಗಜೇಂದ್ರಗಡದ ಗುಡ್ಡದ ಬುಡಕ ಐತಿ. ನಿನಗ್ಯಾಕೋ ಮಾರಾಯ ಹೊಳಿ ಚಿಂತಿ?" ಎಂದು ದ್ಯಾವಪ್ಪ ನಕ್ಕ.

ನೇತ್ರಾ ನಗಲಿಲ್ಲ. ಕಲ್ಲೇಶನನ್ನು ಒಳಗೆ ಕರೆದು ಬಾಗಿಲು ಹಾಕಿಸಿದರು.

"ಕೊಣ್ಣೂರಾಗ ಬೀಗರು ಅದಾರೇನು?"

"ಇಲ್ರಿ."

"ನಿಮ್ಮ ಹೊಲ?"

"ಇಲ್ರಿ."

"ಮತ್ತ ಹೊಳಿ ನೀರು ಯಾಕ ಕೇಳಿದಿ?"

ಅವನು ಗೋಡೆಯ ಗಡಿಯಾರ ನೋಡಿದ.

"ನೋಡು, ನಾವು ಇಲ್ಲಿ ಕುಂತರೂ ನೀರು ನಿಂದ್ರೂದಿಲ್ಲ."

"ಪಂಪ್‌ಶೆಡ್ಡಿನಾಗ ಅದಾನ್ರಿ ಮುತ್ತಣ್ಣ," ಎಂದು ಕಲ್ಲೇಶ ಬಾಗಿಲಿನ ಕಡೆ ತಿರುಗಿದ. "ಲಗೂ ನಡೀರಿ ಮೇಡಂ, ಲಗೂ ನಡೀರಿ."

ನೇತ್ರಾ ನರಗುಂದ ಠಾಣೆಗೆ ಫೋನು ಮಾಡಿ ದೋಣಿ ಮತ್ತು ಹಗ್ಗಕ್ಕೆ ಹೇಳಿದರು. ಆದರೆ ದಂಡೆಯುದ್ದಕ್ಕೂ ಶೆಡ್ಡುಗಳಿದ್ದವು. ಯಾವುದೆಂದು ಕಲ್ಲೇಶನೇ ತೋರಿಸಬೇಕಿತ್ತು. ಜೀಪಿನಲ್ಲಿ ಅವನು ಉಳಿದದ್ದನ್ನೂ ಹೇಳಿದ. ಹೊಳೆದಂಡೆಯ ಹೊಲವೊಂದು ಮಾರಾಟಕ್ಕಿದೆ ಎಂದು ಮುತ್ತಣ್ಣನನ್ನು ಬೈಕಿನಲ್ಲಿ ಕರೆದೊಯ್ದಿದ್ದ. ದಾರಿಯಲ್ಲಿ ನರಗುಂದದಲ್ಲಿ ಚಹಾ ಕುಡಿಯುವಾಗ ಅವನ ಫೋನನ್ನು ಬಂದ್ ಮಾಡಿ ಬಚ್ಚಿಟ್ಟಿದ್ದ. ಮೋಟಾರು ನೋಡಲು ಮುತ್ತಣ್ಣ ಶೆಡ್ಡಿನ ಒಳಗೆ ಹೋದಾಗ ಹೊರಗಿನಿಂದ ಬೀಗ ಹಾಕಿದ್ದ.

"ರೊಟ್ಟಿ, ಕುಡಿಯೂ ನೀರು ಮೊದಲ ಇಟ್ಟಿದ್ದೆ. ಇವತ್ತ ಹನ್ನೊಂದು ದಾಟಿದ ಕೂಡ್ಲೆ ಬಿಡಾಂವ ಇದ್ದೆ. ಹೊಳಿ ಬರತೈತಿ ಅಂತ ದೇವರಾಣೆ ಗೊತ್ತಿರಲಿಲ್ರಿ."

ಹತ್ತೂವರೆಗೆ ಅವರು ಕೊಣ್ಣೂರು ಮುಟ್ಟಿದರು. ಗೋವಿನಜೋಳದ ಹೊಲದಲ್ಲಿ ಕೆಂಪು ನೀರು ಮೊಣಕಾಲಿಗೆ ಬಂದಿತ್ತು, ತಗ್ಗಿನಲ್ಲಿದ್ದ ಶೆಡ್ಡಿನ ಬಳಿ ಎದೆಮಟ್ಟ. ದೋಣಿ ಇನ್ನೂ ಬಂದಿರಲಿಲ್ಲ. ಕಲ್ಲೇಶನ ಸೊಂಟಕ್ಕೆ ಹಗ್ಗ ಬಿಗಿದು ದ್ಯಾವಪ್ಪ ಅವನ ಹಿಂದೆಯೇ ಇಳಿದ.

"ಅಣ್ಣಾ!" ಎಂದು ಕಲ್ಲೇಶ ಕೂಗಿದ. ಉತ್ತರವಿಲ್ಲ. ಮತ್ತೆ ಕೂಗಿದ. ಬಾಗಿಲಿನ ಬೀಗ ನೀರಿನ ಕೆಳಗಿತ್ತು. ಅವನ ಕೈಗೆ ಅದು ತೆರೆಯಲಿಲ್ಲ. ದ್ಯಾವಪ್ಪ ಬೀಗದ ಕೈ ಕಸಿದುಕೊಂಡು, ಅವನನ್ನು ಪಕ್ಕಕ್ಕೆ ನೂಕಿ, ಉಸಿರು ಹಿಡಿದು ಮುಳುಗಿ ಬಾಗಿಲು ಬಿಡಿಸಿದ.

ಮುತ್ತಣ್ಣ ಮೋಟಾರಿನ ಕಟ್ಟೆಯ ಮೇಲೆ ನಿಂತು ಮೇಲಿನ ಪೈಪಿಗೆ ಜೋತುಬಿದ್ದಿದ್ದ. ಕೂಗಿ ಕೂಗಿ ದನಿ ಹೋಗಿತ್ತು, ಆದರೆ ಜೀವವಿತ್ತು. ದಂಡೆಗೆ ತಂದು ಮಲಗಿಸಿದಾಗ ಅವನ ಬೆರಳುಗಳು ಇನ್ನೂ ಪೈಪು ಹಿಡಿದಂತೆ ಮಡಚಿಕೊಂಡಿದ್ದವು. ವಿಜಯಲಕ್ಷ್ಮಿ ನರಗುಂದದ ದವಾಖಾನೆಗೆ ಬಂದು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಶೆಡ್ಡಿನ ಹತ್ತಿರ ಹೋಗಲಾಗದೆ, ಇಬ್ಬರು ಪಂಚರ ಸಮಕ್ಷಮ ರಸ್ತೆಯ ಮೇಲೆ ನಿಂತೇ ಪಂಚನಾಮೆ ಬರೆಯಲಾಯಿತು. ಮಧ್ಯಾಹ್ನ ಒಂದು ಗಂಟೆಗೆ ಕಲ್ಲೇಶನನ್ನು ಬಂಧಿಸಲಾಯಿತು.

"ಅಜಯಕುಮಾರ ಹೇಳಿಕೊಟ್ಟನೇನು?" ಎಂದು ನೇತ್ರಾ ಕೇಳಿದರು.

"ಇಲ್ರಿ. ಯಾರೂ ಇಲ್ರಿ."

ಸಂಗತಿ ಹೀಗಿತ್ತು. ಮುತ್ತಣ್ಣ ತನ್ನ ಕಡೆಯವರನ್ನೆಲ್ಲ ಇಟಗಿ ಭೀಮಾಂಬಿಕೆಯ ಗುಡಿಗೆ ಕರೆದೊಯ್ದು, ದೀಪ ಮುಟ್ಟಿಸಿ, ತನಗೇ ಓಟು ಹಾಕುವುದಾಗಿ ಮಕ್ಕಳ ಮೇಲೆ ಆಣೆ ಮಾಡಿಸಿದ್ದ. ಕಲ್ಲೇಶ ತನಗಿರುವ ಒಬ್ಬಳೇ ಮಗಳು ಭಾಗ್ಯಾಳ ಹೆಸರು ಹೇಳಿದ್ದ. ನಾಲ್ಕು ದಿನದ ಮೇಲೆ ಅಜಯಕುಮಾರ ಅವನ ಮನೆಗೆ ಬಂದ. ಹಿಂದೊಮ್ಮೆ ಭಾಗ್ಯಾಳ ಬಸಿರು ಇಳಿದುಹೋದಾಗ ತನ್ನ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದು ಜೀವ ಉಳಿಸಿದ ಮನುಷ್ಯ. ಆತ ಕೈ ಹಿಡಿದು ಓಟು ಕೇಳಿದಾಗ ಕಲ್ಲೇಶ ಇಲ್ಲ ಎನ್ನಲಾರದೆ, ಎದುರಿಗಿದ್ದ ಮಗಳ ತಲೆ ಮುಟ್ಟಿ ಆತನಿಗೂ ಆಣೆ ಮಾಡಿದ. ಭಾಗ್ಯಾ ಈಗ ಮತ್ತೆ ಎಂಟು ತಿಂಗಳ ಬಸುರಿ.

"ಓಟಿಗೆ ಹೋಗದ ಮನ್ಯಾಗ ಇರಬೇಕಿತ್ತು," ಎಂದರು ನೇತ್ರಾ.

"ಇಬ್ಬರಿಗೂ ಹಾಕೇ ಹಾಕತೀನಿ ಅಂತ ಆಣಿ ಮಾಡೀನ್ರಿ. ಹಾಕದಿದ್ರೂ ತಪ್ಪಿದಂಗ. ಓಟ ಆಗದಿದ್ರ ಮಾತ್ರ ನನ್ನ ಮಗಳು ಉಳೀತಿದ್ಲು. ಚೀಟಿ ಮಡಚಿ ಹಾಕಿದ್ರ ಅವರಿಬ್ಬರಿಗೂ ತಿಳೀತಿರಲಿಲ್ಲ, ಖರೇ. ಆ ತಾಯಿಗೆ ತಿಳೀತೈತಲ್ರಿ."

ಸಂಜೆ ದವಾಖಾನೆಯಲ್ಲಿ ಮುತ್ತಣ್ಣನ ಹೇಳಿಕೆ ಪಡೆಯುವಾಗ ನೇತ್ರಾ ಇದನ್ನು ತಿಳಿಸಿದರು. ಅವನು ಗೋಡೆಯ ಕಡೆ ಮಗ್ಗುಲಾದ.

"ಒಂದ ಮಾತು ಕೇಳಿದ್ರ ಆಗಿತ್ತಲ್ಲೋ ಹುಚ್ಚಪ್ಪ..." ಎಂದು ಒಡೆದ ದನಿಯಲ್ಲಿ ತನಗೆ ತಾನೇ ಅಂದ. ಆಮೇಲೆ ನೇತ್ರಾರ ಕಡೆ ತಿರುಗಿದ. "ಅವನ ಆಣಿ ಬಿಟ್ಟೀನಿ ಅಂತ ಹೇಳ್ರಿ. ಕೇಸ್ ಬಿಡೂದಿಲ್ಲ."

ಠಾಣೆಗೆ ಮರಳಿ ನೇತ್ರಾ ಎರಡನ್ನೂ ಹಾಗೆಯೇ ಹೇಳಿದರು. ಲಾಕಪ್ಪಿನ ಸರಳು ಹಿಡಿದು ನಿಂತಿದ್ದ ಕಲ್ಲೇಶ ಕೈಮುಗಿದ.

ಕೊಡುವವನಿಗೂ ಕೊಳ್ಳುವವನಿಗೂ ಆಗಲಿ ಆಗಲಿ ಎನ್ನುತ್ತ ಬಾಳಿದ ಮನುಷ್ಯ ಅವನು. ದೇವಿಗೆ ಅಂಜುತ್ತಿದ್ದ. ಅದಕ್ಕಿಂತ ಹೆಚ್ಚಾಗಿ, ಎದುರಿಗೆ ನಿಂತವನ ಮುಖ ಸಣ್ಣದಾಗುವುದಕ್ಕೆ ಅಂಜುತ್ತಿದ್ದ. ತನಗಾಗಿ ಯಾರನ್ನೂ ಏನನ್ನೂ ಕೇಳಿದವನಲ್ಲ.

"ಮೇಡಂ," ಅಂದ. "ಆಣಿ ಬಿಡ್ತಾರೇನಂತ ಅಜಯಕುಮಾರ ಅವರಿಗೂ ಒಂದ ಮಾತು ಕೇಳ್ತೀರೇನ್ರಿ?"

ನೇತ್ರಾ ಫೋನು ತೆಗೆದುಕೊಂಡರು.