ಅವನಿಗೆ ಮಾತ್ರ ಎಕ್ಸ್‌ರೇ

"ಅವನಿಗೆ ಮಾತ್ರ ಯಾಕೆ? ನಂಗೂ ಕೆಮ್ಮು ಇದೆ," ಎಂದು ಸಿಡುಕಿ ಡಾಕ್ಟರ ಮೇಜಿನ ಮುಂದೆಯೇ ನೆಲಕ್ಕೆ ಕಾಲು ಅಪ್ಪಳಿಸಿದಳು.

ಐದನೇ ಕ್ಲಾಸಿನ ಈ ಹುಡುಗಿಗೆ ಸಿಡುಕಿ ಎಂಬ ಅಡ್ಡಹೆಸರು ಸುಮ್ಮನೆ ಬಂದಿರಲಿಲ್ಲ. ಅವಳಿಗೂ ತಮ್ಮ ಗುಂಡನಿಗೂ ಒಟ್ಟಿಗೇ ಜ್ವರ ಬಂದಿತ್ತು. ಅಮ್ಮ ಬೇಕರಿ ಕೆಲಸಕ್ಕೆ ರಜೆ ಹಾಕಿ ಇಬ್ಬರನ್ನೂ ಆಸ್ಪತ್ರೆಗೆ ಕರೆತಂದಿದ್ದಳು.

ಡಾಕ್ಟರು ಗುಂಡನ ಅಂಗಿ ಎತ್ತಿ, ಸ್ಟೆತಾಸ್ಕೋಪ್ ಕೂಡ ಮುಟ್ಟದೆ, ಅವನ ಎದೆಯನ್ನೇ ತುಂಬಾ ಹೊತ್ತು ನೋಡುತ್ತಾ ಕೂತಿದ್ದರು. ಸಿಡುಕಿಯ ಸರದಿ ಬಂದಾಗ ಬೇಗನೆ ಮುಗಿಸಿಬಿಟ್ಟರು. ಕೊನೆಗೆ ಗುಂಡನಿಗೆ ಎಕ್ಸ್‌ರೇ, ಇಂಜೆಕ್ಷನ್, ಮಲಗಲು ಮಂಚ. ಸಿಡುಕಿಗೆ ಒಂದು ಸಿರಪ್ಪು, ಬಿಸಿನೀರು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅಂದರೆ ಇದೇ ಅಲ್ಲವೇ? ಅವಳಿಗೆ ಹೊಟ್ಟೆ ಉರಿದುಹೋಯಿತು. ಇಂಜೆಕ್ಷನ್ನಿಗೂ ಹೊಟ್ಟೆಕಿಚ್ಚು ಪಡುವವಳು ಈ ಲೋಕದಲ್ಲಿ ಇವಳೊಬ್ಬಳೇ ಇರಬೇಕು.

ಅಮ್ಮನ ಪಾಡು ಬೇರೆ. ಅವರ ಮನೆಯಲ್ಲಿ ಎಲ್ಲವೂ ಸಮಪಾಲು. ಒಂದೇ ಬನ್ನು ಇದ್ದರೆ ಒಬ್ಬರು ಕತ್ತರಿಸಬೇಕು, ಇನ್ನೊಬ್ಬರು ಮೊದಲು ಆರಿಸಿಕೊಳ್ಳಬೇಕು. ಇಲ್ಲದಿದ್ದರೆ ಮನೆಯೇ ರಣರಂಗ. ಅದಕ್ಕೇ ಅಮ್ಮ ಹಿಂಜರಿಯುತ್ತಲೇ, ದುಡ್ಡು ಹೇಗಾದರೂ ಹೊಂದಿಸುತ್ತೇನೆ, ಇಬ್ಬರಿಗೂ ಎಕ್ಸ್‌ರೇ ಬರೆದುಬಿಡಿ ಎಂದು ಕೇಳಿಕೊಂಡಳು.

ಡಾಕ್ಟರು ಪೆನ್ನು ಕೆಳಗಿಟ್ಟರು.

"ನೋಡೀಮ್ಮಾ, ಅವನಿಗೆ ಬೇಕೇ ಬೇಕು. ನಿಮ್ಮ ಹತ್ರ ದುಡ್ಡಿಲ್ಲ ಅಂದಿದ್ರೂ ತೆಗೆಸ್ತಿದ್ದೆ, ಆಮೇಲೆ ಕೊಡಿ ಅಂತಿದ್ದೆ. ಇವಳಿಗೆ ಬೇಡ. ನೀವು ದುಡ್ಡು ತಂದು ಸುರಿದ್ರೂ ಬರೆಯಲ್ಲ."

ಸುರಿದರೂ ಬರೆಯೋದಿಲ್ಲವಂತೆ! ಸಿಡುಕಿ ಮುಖ ಊದಿಸಿಕೊಂಡು ಹೊರಗೆ ನಡೆದಳು.

ಎಕ್ಸ್‌ರೇ ಮುಗಿಯಿತು. ಗುಂಡನನ್ನು ಒಳಕೋಣೆಯ ಮಂಚದಲ್ಲಿ ಮಲಗಿಸಿ, ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದರು. ತಮ್ಮನ ಹತ್ತಿರ ಕೂತಿರು ಎಂದು ಹೇಳಿ ಅಮ್ಮ ಔಷಧಿ ತರಲು ಹೋದಳು. ಮಹಾರಾಜನ ಹಾಗೆ ಮಲಗಿದಾನೆ ನೋಡು ಎಂದು ಸಿಡುಕಿ ಮನಸ್ಸಿನಲ್ಲೇ ಬೈದುಕೊಂಡಳು.

ಅಷ್ಟು ಹೊತ್ತು ಡಾಕ್ಟರು ನೋಡಿದ್ದಾದರೂ ಏನು? ಅವಳು ಮೆಲ್ಲಗೆ ತಮ್ಮನ ಅಂಗಿ ಎತ್ತಿದಳು.

ಗುಂಡ ಉಸಿರು ಎಳೆದಾಗ ಪಕ್ಕೆಲುಬುಗಳ ಕೆಳಗೆ ಚರ್ಮ ಒಳಕ್ಕೆ ಹೋಗಿ ಗುಳಿ ಬಿತ್ತು. ಮತ್ತೆ ಎಳೆದ, ಮತ್ತೆ ಬಿತ್ತು. ನಿದ್ದೆಗಣ್ಣಿನಲ್ಲೂ ಅವನು ಉಸಿರಿಗಾಗಿ ಒದ್ದಾಡುತ್ತಿದ್ದ.

ಸಿಡುಕಿ ತನ್ನ ಅಂಗಿಯನ್ನೂ ಎತ್ತಿ ನೋಡಿಕೊಂಡಳು. ಗುಳಿ ಇರಲಿಲ್ಲ. ಬೇಕೆಂದೇ ಜೋರಾಗಿ ಉಸಿರೆಳೆದಳು. ಆಗಲೂ ಬೀಳಲಿಲ್ಲ. ಅವಳಿಗೆ ತುಂಬಾ ಭಯವಾಯಿತು.

ಮಾಸ್ಕ್ ಸ್ವಲ್ಪ ಜಾರಿತು. ಅವಳು ಅದನ್ನು ಸರಿಮಾಡಿ, ಮತ್ತೆ ಜಾರದಂತೆ ಕೈಯಲ್ಲಿ ಹಿಡಿದುಕೊಂಡಳು. ಕೈ ನೋಯತೊಡಗಿದರೂ ಬಿಡಲಿಲ್ಲ. ನಿಧಾನವಾಗಿ ಗುಂಡನ ಉಸಿರು ಹಗುರಾಗಿ, ಅವನಿಗೆ ನಿದ್ದೆ ಹತ್ತಿತು.

ಬಾಗಿಲಲ್ಲಿ ಡಾಕ್ಟರು ಬಂದು ನಿಂತರು. "ಏನಮ್ಮಾ, ನಂಗೂ ಎಕ್ಸ್‌ರೇ ಬೇಕು ಅಂತ ಇನ್ನೂ ಕೋಪಾನಾ?"

ಸಿಡುಕಿ ತಮ್ಮನ ಎದೆಯ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಮೆಲ್ಲಗೆ ಮಾತಾಡಿ ಡಾಕ್ಟ್ರೇ. ಈಗ ತಾನೇ ಮಲಗಿದಾನೆ."